ಡಿನುಟುಕ್ಸಿಮ್ಯಾಬ್: ಔಷಧಿಗೆ ನಾಲ್ಕು ಸ್ಟಾರ್, ಆಸ್ಪತ್ರೆಯವರ ವಿವರಣೆಗೆ ಎರಡೇ

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ನ್ಯೂರೋಬ್ಲಾಸ್ಟೋಮಾ, ಅದೂ ಹೈ ರಿಸ್ಕ್. ಐದು ವರ್ಷದೊಳಗಿನ ಮಕ್ಕಳಲ್ಲೇ ಜಾಸ್ತಿ ಕಾಣುವ ನರದ ಕ್ಯಾನ್ಸರ್ ಇದು. ಎಷ್ಟೋ ಸಲ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಶುರುವಾಗುತ್ತದೆ. ಕೀಮೋ, ಆಪರೇಷನ್, ಸ್ಟೆಮ್ ಸೆಲ್, ರೇಡಿಯೇಷನ್ ಎಲ್ಲಾ ಮುಗಿಸಿ ಸಾಕಪ್ಪಾ ಅನ್ನಿಸುವ ಹೊತ್ತಿಗೆ ಈ ಔಷಧಿ ಬರುತ್ತದೆ. ಅಕ್ಕನ ಜೊತೆ ಆಸ್ಪತ್ರೆಯಲ್ಲಿ ಕೂತು ನೋಡಿದ್ದನ್ನು ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಕಡಿಮೆ ಮಾಡಿದ ಒಂದು ಸ್ಟಾರ್ ನೋವಿಗೆ.

ಆ ನೋವು ಯಾಕೆ ಅಂತ ಮೊದಲೇ ತಿಳಿದಿದ್ದರೆ ಅರ್ಧ ಭಯ ಇರುತ್ತಿರಲಿಲ್ಲ. ಈ ಕ್ಯಾನ್ಸರ್ ಕಣಗಳ ಮೈತುಂಬ ಜಿಡಿ2 ಅನ್ನುವ ಅಣು ಇರುತ್ತದೆ. ಡಿನುಟುಕ್ಸಿಮ್ಯಾಬ್ ಒಂದು ಆಂಟಿಬಾಡಿ, ಅಂದರೆ ಗುರಿಯಿಟ್ಟು ಅಂಟಿಕೊಳ್ಳುವ ಪ್ರೋಟೀನ್. ಅದು ಹೋಗಿ ಈ ಜಿಡಿ2ಗೇ ಅಂಟಿಕೊಳ್ಳುತ್ತದೆ, ಅದನ್ನು ಗುರುತು ಹಿಡಿದು ದೇಹದ ಬಿಳಿ ರಕ್ತಕಣಗಳು ಬಂದು ಕ್ಯಾನ್ಸರ್ ಕಣವನ್ನು ಮುಗಿಸುತ್ತವೆ. ಆದರೆ ಅದೇ ಜಿಡಿ2 ನೋವಿನ ನರಗಳ ಮೇಲೂ ಇದೆ. ಆಂಟಿಬಾಡಿ ಅಲ್ಲಿಗೂ ಹೋಗಿ ಅಂಟುತ್ತದೆ. ಹಾಗಾಗಿ ಹತ್ತರಿಂದ ಇಪ್ಪತ್ತು ಗಂಟೆಯ ಡ್ರಿಪ್, ದಿನಾ ಒಂದರಂತೆ ನಾಲ್ಕು ದಿನ, ಅಷ್ಟೂ ಹೊತ್ತು ಜೊತೆಗೆ ಮಾರ್ಫಿನ್. ಇಂಥ ಐದು ರೌಂಡು. ಜ್ವರ, ಬಿಪಿ ಇಳಿಯುವುದು, ಅಲರ್ಜಿ, ಮೈ ಊದುವುದು ಎಲ್ಲಾ ಇದರ ಜೊತೆಗೇ ಬರಬಹುದು. ಕಣ್ಣಿನ ಪಾಪೆ ದೊಡ್ಡದಾಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ, ಅದನ್ನು ನೋಡಿ ಅಕ್ಕ ಗಾಬರಿಯಾಗಿಬಿಟ್ಟಳು.

ಮೊದಲ ರೌಂಡಿನಲ್ಲಿ ಮಾರ್ಫಿನ್ ಏರಿಸಲು ಮಧ್ಯರಾತ್ರಿ ಯಾವುದೋ ಡಾಕ್ಟರನ್ನು ಫೋನ್ ಮಾಡಿ ಎಬ್ಬಿಸಬೇಕಾಯಿತು. ಮಗು ಕಿರುಚುತ್ತಿದೆ, ಇಲ್ಲಿ ಪರ್ಮಿಷನ್ ಕಾಯುತ್ತಾ ನಿಂತಿದ್ದಾರೆ. ಎರಡನೇ ರೌಂಡಿಗೆ ಮುಂಚೆಯೇ ಕೂತು ಮಾತಾಡಿ ಎಲ್ಲಾ ಬರೆಸಿಕೊಂಡೆವು, ಎಷ್ಟೋ ಸಲೀಸಾಯಿತು. ಅದಕ್ಕೇ ಹೇಳುವುದು, ರಾತ್ರಿ ಡೋಸ್ ಏರಿಸುವವರು ಯಾರು ಅಂತ ಮೊದಲ ದಿನವೇ ಕೇಳಿ.

ಇಷ್ಟು ನೋವಿದ್ದೂ ನಾಲ್ಕು ಸ್ಟಾರ್ ಯಾಕೆ? ಆಲಿಸ್ ಯು ಮತ್ತು ಜೊತೆಗಾರರು 226 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು. ಕಾಯಿಲೆ ಮರಳದೆ ಎರಡು ವರ್ಷ ದಾಟಿದವರು ಆಂಟಿಬಾಡಿ ಸಿಕ್ಕ ಗುಂಪಿನಲ್ಲಿ ಶೇ. 66, ಸಿಗದ ಗುಂಪಿನಲ್ಲಿ ಶೇ. 46. ಇಷ್ಟು ವ್ಯತ್ಯಾಸ ಇರುವಾಗ ಯಾವ ತಾಯಿ ಬೇಡ ಅಂತಾಳೆ? 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಎರಡೂ ಗುಂಪಿಗೆ ಕೊಟ್ಟಿದ್ದ ಇನ್ನೊಂದು ಔಷಧಿ ಐಸೊಟ್ರೆಟಿನಾಯಿನ್, ಹುಡುಗರ ಮೊಡವೆಗೆ ಕೊಡುವ ಅದೇ ಕ್ಯಾಪ್ಸೂಲ್! ನಮ್ಮವನ ತುಟಿ ಒಣಗಿ ಒಡೆದಿದ್ದು ಅದರಿಂದಲೇ.

ಇನ್ನು ಜೀನ್ ರಿಪೋರ್ಟ್. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲೇ. ಪುಟಗಟ್ಟಲೆ ಕಾಗದ ಕೊಟ್ಟು ಕಳಿಸಿದರು, ಐದು ನಿಮಿಷ ಕೂತು ಬಿಡಿಸಿ ಹೇಳಲಿಲ್ಲ. ಅಷ್ಟರಲ್ಲಿ ಊರಿನಿಂದ ಅಕ್ಕನ ಅತ್ತೆಯ ಫೋನ್, "ನಮ್ಮ ಕಡೆ ಯಾರಿಗೂ ಇಂಥದ್ದು ಇರಲಿಲ್ಲಮ್ಮ." ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಜೆನೆಟಿಕ್ ಕೌನ್ಸೆಲರ್ ಒಬ್ಬರು ಸಮಾಧಾನವಾಗಿ ಹೇಳಿದರು: ವಂಶದಲ್ಲಿ ಬರುವುದು ನೂರಕ್ಕೆ ಒಂದೆರಡು ಮಕ್ಕಳಿಗೆ ಮಾತ್ರ. ಹಾಗೆ ಬಂದಾಗ ಮುಖ್ಯ ಕಾರಣ ಎಎಲ್‌ಕೆ ಜೀನಿನಲ್ಲಾಗುವ ಬದಲಾವಣೆ, ಅದನ್ನು ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಯಾಯೆಲ್ ಮೊಸೆ, ಜಾನ್ ಮ್ಯಾರಿಸ್ ತಂಡ 2008ರಲ್ಲಿ ಕಂಡುಹಿಡಿಯಿತು. ಉಳಿದ ಮಕ್ಕಳಲ್ಲಿ ಈ ಬದಲಾವಣೆಗಳು ಗಡ್ಡೆಯೊಳಗೇ ಆಗುತ್ತವೆ, ಅಪ್ಪ ಅಮ್ಮನಿಂದ ಬಂದವಲ್ಲ. ನಮ್ಮವನ ಗಡ್ಡೆಯಲ್ಲಿದ್ದದ್ದು ಎಂವೈಸಿಎನ್ ಅನ್ನುವ ಜೀನಿನ ಹೆಚ್ಚಳ. ಸುಮಾರು ಐದರಲ್ಲಿ ಒಂದು ಗಡ್ಡೆಯಲ್ಲಿ ಈ ಜೀನಿನ ಪ್ರತಿಗಳು ಎರಡರ ಬದಲು ಹತ್ತಾರು, ಕೆಲವೊಮ್ಮೆ ನೂರಾರು ಆಗಿರುತ್ತವೆ, ಕಾಯಿಲೆ ಜೋರಾಗಿ ಹರಡುತ್ತದೆ. ಇದನ್ನು ಕೇಳಿಸಿಕೊಂಡ ಅಕ್ಕ ಅಲ್ಲಿಂದಲೇ ಅತ್ತೆಗೆ ಫೋನ್ ಹಚ್ಚಿದಳು. ಕೌನ್ಸೆಲರ್‌ಗೆ ಐದಕ್ಕೆ ಐದು.

ನ್ಯಾಕ್ಸಿಟಮ್ಯಾಬ್ ಯಾಕೆ ಕೊಡಿಸಲಿಲ್ಲ, ಅದು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮುಗಿಯುತ್ತದಲ್ವಾ ಅಂತ ಕೆಲವರು ಕೇಳಿದರು. ಅದೂ ಜಿಡಿ2 ಆಂಟಿಬಾಡಿಯೇ, ಅದರಲ್ಲೂ ನೋವಿದೆ. 2020ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೂಳೆಯಲ್ಲೋ ಮಜ್ಜೆಯಲ್ಲೋ ಕಾಯಿಲೆ ಮರಳಿದವರಿಗೆ, ಇಲ್ಲವೇ ಬೇರೆ ಚಿಕಿತ್ಸೆಗೆ ಬಗ್ಗದವರಿಗೆ. ನಮ್ಮವನಿಗೆ ಈಗ ಕಾಯಿಲೆ ಮರಳುವ ಅಪಾಯ ತಗ್ಗಿಸಲು ಎಫ್ಲೋರ್ನಿಥೀನ್ ಮಾತ್ರೆ ಶುರುವಾಗಿದೆ, 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದದ್ದು. ಎರಡು ವರ್ಷ ನುಂಗಬೇಕು. ಅದರ ರಿವ್ಯೂ ಕೋರ್ಸ್ ಮುಗಿದ ಮೇಲೆ.