ತೋಟದ ಮಳೆ ಡ್ಯಾಶ್‌ಬೋರ್ಡ್: ಒತ್ತಿದರೆ ಓಗೊಡುತ್ತದೆ, ನೆಟ್‌ವರ್ಕ್ ಹೋದರೆ ಮೌನ

ಕೊಡಗಿನ ಕಾಫಿ ತೋಟಗಳ ಮಳೆ ಲೆಕ್ಕವನ್ನು ರೈಟರ್ (ತೋಟದ ಗುಮಾಸ್ತ) ಪುಸ್ತಕದಿಂದ ಮೊಬೈಲಿಗೆ ತರುವ ಈ ಡ್ಯಾಶ್‌ಬೋರ್ಡ್ ನೋಡಲು ಸಾಧಾರಣ. ಅದರ ಗುಣದೋಷ ತಿಳಿಯುವುದು ಬೆರಳು ತಾಗಿದಾಗ ಕೊಡುವ ಸಣ್ಣ ಸುಳಿವುಗಳಲ್ಲಿ.

ಊರಿನ ಹೆಸರು ಒತ್ತಿದೊಡನೆ ಅದರ ಅಂಚು ದಪ್ಪವಾಗುತ್ತದೆ. ಉತ್ತರ 0.1 ಸೆಕೆಂಡಿನೊಳಗೆ ಬಂದರೆ ತಡವೆನಿಸುವುದಿಲ್ಲ. ಬಾರದಿದ್ದರೆ ಜನ ಮತ್ತೆ ಒತ್ತುತ್ತಾರೆ, ಆಯ್ಕೆಯೇ ರದ್ದಾಗುತ್ತದೆ. ಮಳೆ ಗ್ರಾಫಿನ ಕಂಬಗಳು ಸುಮಾರು ಕಾಲು ಸೆಕೆಂಡಿನಲ್ಲಿ ಹೊಸ ಎತ್ತರಕ್ಕೆ ಜಾರುವುದರಿಂದ ಯಾವುದು ಏರಿತು, ಯಾವುದು ಇಳಿಯಿತು ಎಂಬುದು ಕಣ್ಣಿಗೆ ಸಿಗುತ್ತದೆ. ಇಷ್ಟು ಅಚ್ಚುಕಟ್ಟು.

ಆದರೆ ಕಡಿಮೆ ಮಳೆಯ ಕುಶಾಲನಗರ ಬಿಟ್ಟು ಭಾರಿ ಮಳೆಯ ಭಾಗಮಂಡಲ ಆರಿಸಿದರೆ ಎಡಬದಿಯ ಅಳತೆ ಸದ್ದಿಲ್ಲದೆ 2 ಇಂಚಿನಿಂದ 10ಕ್ಕೆ ಹಿಗ್ಗುತ್ತದೆ, ಕಂಬಗಳ ಎತ್ತರ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಅವಸರದಲ್ಲಿ ನೋಡಿದವರಿಗೆ ಎರಡೂ ಕಡೆ ಒಂದೇ ಮಳೆ! ಅಳತೆ ಬದಲಾದಾಗ ಅದರ ಅಂಕಿಗಳಾದರೂ ಒಮ್ಮೆ ಗಾಢವಾಗಬೇಕು. ಇಂಚು ಬಿಟ್ಟು ಮಿ.ಮೀ. ಆರಿಸಿದಾಗಲೂ ಇದೇ ಕಥೆ: 4 ಹೋಗಿ 101.6 ಬರುತ್ತದೆ, ಮಾನದ ಹೆಸರು ಮಸುಕು ಬೂದಿಯಲ್ಲಿ ಅಡಗಿರುತ್ತದೆ.

ಹೊಸ ರೀಡಿಂಗ್ ಬಂದರೆ ಅಂಕಿಯ ಹಿಂದೆ ತೆಳು ಹಳದಿ ಮೂಡಿ ಮಾಯವಾಗುತ್ತದೆ. ಆಫೀಸಿನಲ್ಲಿ ಸರಿ, ಬಿಸಿಲು ಬಿದ್ದ ಕಣದಲ್ಲಿ ಕಾಣದು. ಗುರುತಿಗೆ ಕನಿಷ್ಠ 3:1 ಕಾಂಟ್ರಾಸ್ಟ್ (ಹಿನ್ನೆಲೆಯೊಡನೆ ಹೊಳಪಿನ ಅಂತರ) ಬೇಕು, ಬಣ್ಣದ ಜೊತೆ ಒಂದು ಬಾಣವೂ ಇರಲಿ. ಸುತ್ತುವ ಚಕ್ರ ಕಾಲು ಸೆಕೆಂಡಿನ ಕೆಲಸಕ್ಕೂ ಮಿಂಚಿ ಕಿರಿಕಿರಿ ಮಾಡುತ್ತದೆ. ಒಂದು ಸೆಕೆಂಡು ಕಳೆದ ಮೇಲೆ ತೋರಿಸಿದರೆ ಸಾಕು.

ದೊಡ್ಡ ತಪ್ಪು ಸೊನ್ನೆಯದು. ಮಾಪಕದಿಂದ ಮಾಹಿತಿ ಬಾರದಿದ್ದರೂ ಪರದೆ ‘0’ ಎನ್ನುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕಾಯುವ ರೊಬಸ್ಟಾ ಕಾಫಿ ಬೆಳೆಗಾರರು ಆ ಅಂಕಿ ನಂಬಿ ಸ್ಪ್ರಿಂಕ್ಲರ್ ಹೂಡಿದರೆ, ಮಳೆ ಬಿದ್ದ ಬ್ಲಾಕಿಗೇ ಡೀಸೆಲ್ ಸುರಿದಂತೆ. ಮಾಹಿತಿ ಇಲ್ಲದ ದಿನಕ್ಕೆ ಗೀರು ಗೀರಾದ ಖಾಲಿ ಕಂಬ, ಕೆಳಗೆ ‘ಕೊನೆಯ ರೀಡಿಂಗ್: ನಿನ್ನೆ ಬೆಳಿಗ್ಗೆ 8.30’ ಎಂಬ ಸಾಲು ಹಾಕಬೇಕು.

ಕೈಯಾರೆ ಅಂಕಿ ತುಂಬಿದಾಗಲೂ ‘ಉಳಿಸಲಾಗಿದೆ’ ಎಂದಷ್ಟೇ ಬರುತ್ತದೆ. ಮಳೆಗಾಲದಲ್ಲಿ ಕರೆಂಟು, ಟವರ್ ಎರಡೂ ಹೋಗುವ ಊರುಗಳಿಗೆ ‘ಫೋನಿನಲ್ಲಿದೆ’, ‘ಸರ್ವರ್ ತಲುಪಿದೆ’ ಎಂಬ ಎರಡು ಬೇರೆ ಗುರುತುಗಳು ಬೇಕು.

ತಿಂಗಳ ಒಟ್ಟು ಲೆಕ್ಕ ಹೋಲಿಸಲು ಕೊಳ್ಳಬಹುದು. ನೀರು ಬಿಡುವ ತೀರ್ಮಾನಕ್ಕೆ ಸದ್ಯ ಬೇಡ. ಸೊನ್ನೆ ಕಂಡ ದಿನ ರೈಟರಿಗೆ ಫೋನ್ ಮಾಡಿ ಕೇಳುವುದೇ ವಾಸಿ.