ಮಗ ಸಲಿಂಗಿ ಎಂದು ತಿಳಿದಾಗ ಯಾವ ದಾಖಲೆಯನ್ನು ಮೊದಲು ಓದಬೇಕು?

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಭಾನುವಾರ ತಪ್ಪದೆ ಹೋಗುವ ತಂದೆತಾಯಿಗೆ ಮಗ ತಾನು ಸಲಿಂಗಿ ಎಂದು ಹೇಳಿದರೆ, ಧರ್ಮಸಭೆ ಏನನ್ನುತ್ತದೆ ಎಂಬ ಚಿಂತೆ ಸಹಜ. ವ್ಯಾಟಿಕನ್ನಿನ ಎರಡು ದಾಖಲೆಗಳಲ್ಲಿ ಉತ್ತರವಿದೆ.

1986ರ ಪತ್ರ, ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರದು. ಸಲಿಂಗ ಒಲವನ್ನೇ ಅದು ಅವ್ಯವಸ್ಥೆ ಎಂದು ಕರೆಯುತ್ತದೆ. ಸಲಿಂಗಿಗಳ ಮೇಲಿನ ಹಿಂಸೆಯನ್ನು ಖಂಡಿಸುತ್ತದೆ, ನಿಜ. ಆದರೂ ನೊಂದ ಹುಡುಗನ ಎದೆಗೆ ನಾಟುವುದು ತೀರ್ಪೇ ಹೊರತು ಕರುಣೆಯಲ್ಲ.

2023ರ ಡಿಸೆಂಬರಿನ ಘೋಷಣೆಗೆ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯಿತ್ತು. ಪೂಜಾವಿಧಿಯ ಹೊರಗೆ ಗುರುಗಳು ಸಲಿಂಗ ಜೋಡಿಗಳನ್ನು ಆಶೀರ್ವದಿಸಬಹುದು ಎನ್ನುತ್ತದೆ ಅದು. ಅದೇ ವರ್ಷದ ಜನವರಿಯಲ್ಲಿ ಪೋಪ್, ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದಿದ್ದರು. ನಮ್ಮ ದೇಶದವರೇ ಆದ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಇನ್ನೂ ಮುಂಚೆ, 2013ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿದಾಗ, ಚರ್ಚು ಸಲಿಂಗಿಗಳನ್ನು ಎಂದೂ ಅಪರಾಧಿಗಳೆಂದು ಕಂಡಿಲ್ಲ ಎಂದು ಹೇಳಿದ್ದರು. ಇದನ್ನು ನಮ್ಮ ಚರ್ಚುಗಳಲ್ಲಿ ಎಷ್ಟು ಸಲ ನೆನಪಿಸಿದರೂ ಸಾಲದು.

ಮದುವೆಗೆ ಸಮ್ಮತಿ ಎರಡರಲ್ಲೂ ಇಲ್ಲ. ಅದನ್ನು ಮಗನಿಂದ ಮುಚ್ಚಿಡಬೇಡಿ. ಆದರೆ ಮೊದಲು 2023ರದನ್ನೇ ಓದಿ. ಮಗನನ್ನು ಜೊತೆಯಲ್ಲಿ ಕರೆದುಕೊಂಡು ಗುರುಗಳ ಬಳಿಗೆ ಹೋಗುವ ಧೈರ್ಯವನ್ನು ಅದು ಕೊಡುತ್ತದೆ.