ಸಾಲ ಒಗ್ಗೂಡಿಸುವ ಮೊದಲು ಜಂಟಿ ಸಾಲದಿಂದ ಹೆಸರು ಬಿಡಿಸಿಕೊಳ್ಳಬೇಕು: ನಾನು ಪ್ರಯೋಗಿಸಿದ ಮೂರು ದಾರಿಗಳು

ದಾಂಪತ್ಯದಿಂದ ಬೇರೆಯಾದಾಗ ನನ್ನ ಮುಂದೆ ನಾಲ್ಕು ಸಾಲಗಳಿದ್ದವು: ಎರಡು ಕ್ರೆಡಿಟ್ ಕಾರ್ಡ್‌ಗಳ ಬಾಕಿ, ನನ್ನೊಬ್ಬಳ ಹೆಸರಿನ ವೈಯಕ್ತಿಕ ಸಾಲ ಮತ್ತು ಇಬ್ಬರೂ ಸಹಿ ಹಾಕಿದ್ದ ವಾಹನ ಸಾಲ. ಇವನ್ನು ತೀರಿಸಲು ಮೊದಲು ಸ್ವಂತ ಕ್ರಮದಲ್ಲಿ ಒಂದೊಂದಾಗಿ ಕಟ್ಟಿದೆ, ನಂತರ ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸಿದೆ, ಕೊನೆಗೆ ವಾಹನ ಸಾಲವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದೇ ಸಾಲದಲ್ಲಿ ಸೇರಿಸಿದೆ.

ಹೋಲಿಕೆಗೆ ಮುನ್ನ ವಾಹನ ಸಾಲದ ಮಾತು ಹೇಳಲೇಬೇಕು, ಏಕೆಂದರೆ ಮುಂದಿನ ಲೆಕ್ಕವನ್ನೆಲ್ಲ ಅದೇ ಕೆಡಿಸಿತು. ಅದರ ಕಂತನ್ನು ನನ್ನ ಮಾಜಿ ಸಂಗಾತಿಯೇ ಕಟ್ಟುವುದೆಂದು ನಮ್ಮ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಆ ಒಪ್ಪಂದ ನಮ್ಮಿಬ್ಬರ ನಡುವಿನದು. ಸಾಲ ಕೊಟ್ಟವರು ಅದಕ್ಕೆ ಸಹಿ ಹಾಕಿರಲಿಲ್ಲ. ಸಾಲಪತ್ರದಲ್ಲಿ ಇಬ್ಬರ ಸಹಿ ಇರುವವರೆಗೆ ಅವರು ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ಏಳನೆಯ ತಿಂಗಳು ಕಂತು ತಪ್ಪಿದಾಗ ನನ್ನ ಫೋನಿಗೇ ಸಂದೇಶ ಬಂತು, ನನ್ನ ಸಾಲದ ದಾಖಲೆಯಲ್ಲೂ (ಕ್ರೆಡಿಟ್ ರಿಪೋರ್ಟ್) ಆ ತಪ್ಪಿದ ಕಂತು ಕಾಣಿಸಿಕೊಂಡಿತು.

ಒಂದೊಂದಾಗಿ ತೀರಿಸುವುದರಲ್ಲಿ ಎರಡು ಪದ್ಧತಿಗಳಿವೆ: ಚಿಕ್ಕ ಬಾಕಿಯನ್ನು ಮೊದಲು ಮುಗಿಸುವುದು, ಇಲ್ಲವೇ ಬಡ್ಡಿ ಹೆಚ್ಚಿರುವುದನ್ನು ಮೊದಲು ಮುಗಿಸುವುದು. ನಾನು ಮೊದಲನೆಯದನ್ನು ಹಿಡಿದೆ. ಐದನೆಯ ತಿಂಗಳಿಗೆ ಚಿಕ್ಕ ಕಾರ್ಡ್ ಮುಗಿದು ಸಮಾಧಾನವೇನೋ ಆಯಿತು (ಆ ದಿನಗಳಲ್ಲಿ ಸಮಾಧಾನಕ್ಕೂ ಬೆಲೆಯಿತ್ತು), ಆದರೆ ಅಷ್ಟರಲ್ಲಿ ದೊಡ್ಡ ಕಾರ್ಡ್ ತಿಂಗಳಿಗೆ ಶೇಕಡಾ 3ರಂತೆ ಬೆಳೆಯುತ್ತಿತ್ತು. ತಿಂಗಳಿಗೆ 3 ಎಂದರೆ ವರ್ಷಕ್ಕೆ 36 ಎಂದು ನಾನು ತಿಳಿದಿದ್ದೆ; ಚಕ್ರಬಡ್ಡಿ ಸೇರಿದರೆ ಅದು 42 ದಾಟುತ್ತದೆ. ಕನಿಷ್ಠ ಪಾವತಿಯೆಂದು 100ಕ್ಕೆ 5 ಕಟ್ಟಿದರೆ 3 ಬಡ್ಡಿಗೆ ಹೋಗಿ 2 ಮಾತ್ರ ಅಸಲಿಗೆ ಸೇರುತ್ತದೆ. ಹೆಚ್ಚು ಬಡ್ಡಿಯದನ್ನು ಮೊದಲು ಹಿಡಿದಿದ್ದರೆ ಒಟ್ಟು ಖರ್ಚು ಖಂಡಿತ ಕಡಿಮೆಯಾಗುತ್ತಿತ್ತು.

ಎರಡನೆಯ ದಾರಿ ಬ್ಯಾಲೆನ್ಸ್ ಟ್ರಾನ್ಸ್‌ಫರ್, ಅಂದರೆ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸುವುದು. ಆರು ತಿಂಗಳು ಶೂನ್ಯ ಬಡ್ಡಿ, ವರ್ಗಾವಣೆ ಶುಲ್ಕ ಶೇಕಡಾ 3 ಎಂದಿದ್ದರು. ಅಸಲು ಪ್ರತಿ ತಿಂಗಳೂ ಕರಗುತ್ತ ಹೋಗುವುದರಿಂದ, ಆರು ಸಮ ಕಂತುಗಳಲ್ಲಿ ತೀರಿಸಿದರೆ ಆ 3 ವಾರ್ಷಿಕ ಲೆಕ್ಕದಲ್ಲಿ ಸುಮಾರು 10 ಆಗುತ್ತದೆ. ಶೂನ್ಯವಲ್ಲದಿದ್ದರೂ 36ಕ್ಕಿಂತ ಬಹಳ ಕಡಿಮೆ. ತೊಡಕು ಬೇರೆಡೆ ಇತ್ತು. ಹಳೆಯ ಕಾರ್ಡಿನ ಬಾಕಿಯನ್ನು ವರ್ಗಾಯಿಸಿದ್ದೆನೇ ಹೊರತು ಕಾರ್ಡನ್ನು ರದ್ದುಪಡಿಸಿರಲಿಲ್ಲ. ಒಂದು ವಾರ್ಷಿಕ ಚಂದಾ ತಾನಾಗಿ ಅದರಿಂದಲೇ ಕಡಿತಗೊಂಡಿತು; ನಾನು ಗಮನಿಸುವಷ್ಟರಲ್ಲಿ ವಿಳಂಬ ಶುಲ್ಕವೇ ಚಂದಾ ಮೊತ್ತವನ್ನು ಮೀರಿತ್ತು. ಇದಲ್ಲದೆ ನನ್ನ ಖಾತೆಯ ಮೇಲೆ ಮಾಜಿ ಸಂಗಾತಿಗೆ ಕೊಟ್ಟಿದ್ದ ಆ್ಯಡ್-ಆನ್ ಕಾರ್ಡ್ ಕೂಡ ಜೀವಂತವಾಗಿತ್ತು. ಅವರು ಅದನ್ನು ಬಳಸಲಿಲ್ಲ ಎಂಬುದು ಅವರ ಒಳ್ಳೆಯತನ. ಬಳಸಿದ್ದರೆ ಬಾಕಿ ನನ್ನದೇ ಆಗುತ್ತಿತ್ತು.

ಮೂರನೆಯ ದಾರಿಗೆ, ಅಂದರೆ ಒಗ್ಗೂಡಿಸುವ ಸಾಲಕ್ಕೆ, ಅರ್ಜಿ ಹಾಕುವ ಹೊತ್ತಿಗೆ ಆ ತಪ್ಪಿದ ವಾಹನ ಕಂತು ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಕೈಗೆ ಬಂದದ್ದು ಮೂರು ಪ್ರಸ್ತಾವಗಳು. ಮೊದಲನೆಯವರು ‘ಬರೀ 10 ಪರ್ಸೆಂಟ್’ ಎಂದರು. ಅದು ಫ್ಲ್ಯಾಟ್ ದರ: ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ಹಾಕುವ ಲೆಕ್ಕ, ಮೂರು ವರ್ಷಕ್ಕೆ ಅದು ಇಳಿಯುವ ಬಾಕಿಯ ಮೇಲಿನ ಸುಮಾರು 18ಕ್ಕೆ ಸಮ. ಅದಕ್ಕೆ ಕಡ್ಡಾಯ ವಿಮೆಯೊಂದನ್ನೂ ಅಂಟಿಸಿದ್ದರಿಂದ ಬಿಟ್ಟೆ. ಎರಡನೆಯದು ಇಳಿಯುವ ಬಾಕಿಯ ಮೇಲೆ 14, ಅವಧಿ 60 ತಿಂಗಳು, ಮೊದಲೇ ತೀರಿಸಿದರೆ ದಂಡ. ಮೂರನೆಯದು 20, ಅವಧಿ 36 ತಿಂಗಳು, ದಂಡವಿಲ್ಲ. ನೋಡಿದ ತಕ್ಷಣ 14 ಎಂಬುದೇ ಅಗ್ಗವೆನಿಸುತ್ತದೆ, ಕಂತೂ ಹಗುರ. ಆದರೆ ಕಾಗದದ ಮೇಲೆ ಕಂತನ್ನು ತಿಂಗಳಿನಿಂದ ಗುಣಿಸಿ ನೋಡಿದಾಗ, 100 ಸಾಲಕ್ಕೆ ಎರಡನೆಯದರಲ್ಲಿ ಒಟ್ಟು ಬಡ್ಡಿ ಸುಮಾರು 40, ಮೂರನೆಯದರಲ್ಲಿ ಸುಮಾರು 34. ನಾನು 20ರದ್ದನ್ನೇ ಆರಿಸಿಕೊಂಡೆ. ಕಂತು ಬಿಗಿಯಾಗಿತ್ತು, ಮೊದಲ ವರ್ಷ ಕಷ್ಟವೇ ಆಯಿತು. ಆದಾಯ ಅನಿಶ್ಚಿತವಾಗಿರುವವರು 60 ತಿಂಗಳ ಸಾಲವನ್ನು ಆರಿಸಿಕೊಂಡರೆ ನಾನು ತಪ್ಪೆನ್ನಲಾರೆ.

ಮೂರು ದಾರಿಗಳಲ್ಲಿ ಕೈಹಿಡಿದದ್ದು ಈ ಒಗ್ಗೂಡಿಸುವ ಸಾಲವೇ. ವರ್ಗಾವಣೆ ಆರು ತಿಂಗಳಲ್ಲಿ ನಿಜವಾಗಿಯೂ ತೀರುವಷ್ಟು ಬಾಕಿಗೆ ಮಾತ್ರ ಸರಿ. ಒಂದೊಂದಾಗಿ ತೀರಿಸುವುದು ಬಡ್ಡಿ ಕಡಿಮೆಯಿರುವ ಸಾಲಗಳಿಗೆ ಸಾಕು.

ಹಾಗೆಂದು ವಾಹನ ಸಾಲವನ್ನು ಮಾತ್ರ ಆ ಒಗ್ಗೂಡಿಸಿದ ಸಾಲದೊಳಗೆ ಸೇರಿಸಲಿಲ್ಲ. ಸೇರಿಸಿದ್ದರೆ ಇಬ್ಬರ ಸಾಲ ನನ್ನೊಬ್ಬಳದಾಗುತ್ತಿತ್ತು, ವಾಹನ ಮಾತ್ರ ಅವರಲ್ಲೇ ಇರುತ್ತಿತ್ತು. ಹಲವು ಪತ್ರಗಳ ನಂತರ ಅವರು ತಮ್ಮ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ಮುಚ್ಚಿದರು. ಬಾಕಿಯಿಲ್ಲವೆಂಬ ಪತ್ರದ ಪ್ರತಿಯನ್ನು ನಾನೇ ಕೇಳಿ ಪಡೆದೆ. ಎರಡು ತಿಂಗಳು ಕಳೆದು ನನ್ನ ಸಾಲದ ದಾಖಲೆ ತೆರೆದು ನೋಡಿದಾಗ ಆ ಖಾತೆಯ ಮುಂದೆ ಇನ್ನೂ ‘ಚಾಲ್ತಿ’ ಎಂದಿತ್ತು. ಪತ್ರ ಲಗತ್ತಿಸಿ ದೂರು ಕೊಟ್ಟ ಮೇಲೆ ಅದು ‘ಮುಕ್ತಾಯ’ ಎಂದಾಯಿತು.